ಕಿವಿ ಮಷೀನನ್ನು ಕಂಪ್ಯೂಟರ್, ಟಿವಿ, ಫೋನಿಗೆ ಜೋಡಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಲ್ಯಾಪ್‌ಟಾಪಿನ ಬ್ಲೂಟೂತ್ ಪಟ್ಟಿಯಲ್ಲಿ ಮಷೀನಿನ ಹೆಸರು ಕಾಣಿಸುತ್ತದೆ. ಒತ್ತಿದರೆ ‘ಪೇರ್ಡ್’ ಅಂತಲೂ ಬರುತ್ತದೆ. ಕಿವಿಗೆ ಮಾತ್ರ ಒಂಚೂರೂ ಸದ್ದಿಲ್ಲ. ನನ್ನ ಹತ್ತಿರ ಸಹಾಯ ಕೇಳಿ ಬರುವವರು ಹೆಚ್ಚಾಗಿ ಇದೇ ಜಾಗದಲ್ಲಿ ಸಿಕ್ಕಿಕೊಂಡಿರುತ್ತಾರೆ, ಮೂರು ನಾಲ್ಕು ದಿನ ಒದ್ದಾಡಿ ಕೊನೆಗೆ ‘ಈ ಮಷೀನೇ ಸರಿ ಇಲ್ಲ’ ಅಂತ ಡಬ್ಬಿಯಲ್ಲಿಟ್ಟು ಬೀರುವಿಗೆ ಸೇರಿಸಿರುತ್ತಾರೆ. ಮಷೀನು ಸರಿಯಾಗೇ ಇರುತ್ತದೆ. ಜೋಡಿಸುವ ಕ್ರಮ ತಪ್ಪಿರುತ್ತದೆ, ಇಲ್ಲವೇ ಆ ಮಷೀನಿಗೂ ಆ ಕಂಪ್ಯೂಟರಿಗೂ ಒಂದೇ ಭಾಷೆ ಬರುವುದಿಲ್ಲ.

ನಮ್ಮ ಅತ್ತೆಗೆ ಎರಡೂ ಕಿವಿಗೆ ಮಷೀನಿದೆ. ಅವರ ಮಗಳು ಅಮೆರಿಕದಿಂದ ಪ್ರತಿ ಭಾನುವಾರ ವಿಡಿಯೊ ಕಾಲ್ ಮಾಡುತ್ತಾಳೆ. ಅತ್ತೆ ನಗುತ್ತಾ ತಲೆಯಾಡಿಸುತ್ತಿದ್ದರು. ಅರ್ಧಕ್ಕರ್ಧ ಮಾತು ಕೇಳಿಸುತ್ತಲೇ ಇರಲಿಲ್ಲ ಅನ್ನುವುದು ನಮಗೆ ಗೊತ್ತಾಗಿದ್ದು ಎಷ್ಟೋ ತಿಂಗಳಾದ ಮೇಲೆ. ಅವತ್ತಿನಿಂದ ಇದನ್ನು ಹಟ ಹಿಡಿದು ಕಲಿತೆ. ಕೆಳಗಿರುವುದು ನಾನು ಈಗ ಯಾರ ಮನೆಗೆ ಹೋದರೂ ಅನುಸರಿಸುವ ಕ್ರಮ. ದಯವಿಟ್ಟು ಹಂತ ಬಿಟ್ಟು ಮುಂದೆ ಹಾರಬೇಡಿ.

## ಶುರು ಮಾಡುವ ಮುಂಚೆ ಕೈಗೆ ಸಿಗುವಂತಿರಲಿ

ಮಷೀನಿನ ಡಬ್ಬಿ ಅಥವಾ ಬಿಲ್ಲು, ಹೊಸ ಬ್ಯಾಟರಿ ಇಲ್ಲವೇ ಫುಲ್ ಚಾರ್ಜ್ ಆದ ಮಷೀನು, ಜೋಡಿಸಬೇಕಾದ ಫೋನು ಅಥವಾ ಲ್ಯಾಪ್‌ಟಾಪು, ಒಂದು ಪೆನ್ನು, ಒಂದು ಹಾಳೆ. ಇಷ್ಟು ಸಾಕು.

ಎಲ್ಲಕ್ಕಿಂತ ಮುಖ್ಯವಾಗಿ, ಮಷೀನು ಹಾಕಿಕೊಳ್ಳುವವರು ನಿಮ್ಮ ಪಕ್ಕದಲ್ಲೇ ಕೂತಿರಬೇಕು. ಅಮ್ಮನ ಕಿವಿಯಿಂದ ಮಷೀನು ಬಿಚ್ಚಿಸಿಕೊಂಡು ನೀವು ರೂಮಿನೊಳಗೆ ಹೋಗಿ ಜೋಡಿಸಬೇಡಿ. ಸದ್ದು ಬಂತೋ ಇಲ್ಲವೋ, ಎರಡೂ ಕಿವಿಗೆ ಬಂತೋ, ಜಾಸ್ತಿಯಾಯಿತೋ, ಹೇಳಬೇಕಾದವರು ಅವರೇ. ಮಷೀನಿಲ್ಲದೆ ಕೂತರೆ ನೀವು ಕೇಳುವ ಪ್ರಶ್ನೆಯೂ ಅವರಿಗೆ ಕೇಳಿಸುವುದಿಲ್ಲ ಅಲ್ವಾ.

## ಹಂತ 1: ಮಷೀನಿಗೆ ಯಾವ ಭಾಷೆ ಬರುತ್ತದೆ, ಪತ್ತೆ ಮಾಡಿ

ಇದೊಂದನ್ನು ಸರಿಯಾಗಿ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ‘ಬ್ಲೂಟೂತ್ ಇದೆ’ ಅಂತ ಅಂಗಡಿಯವರು ಹೇಳಿದರೆ ಸಾಲದು. ಬ್ಲೂಟೂತ್ ಒಂದೇ ರೀತಿ ಇಲ್ಲ. ಕಿವಿ ಮಷೀನುಗಳಲ್ಲಿ ಈಗ ನಾಲ್ಕು ಬಗೆ ಚಾಲ್ತಿಯಲ್ಲಿವೆ.

ಮೊದಲನೆಯದು ಮಾಮೂಲಿ ಬ್ಲೂಟೂತ್, ಕ್ಲಾಸಿಕ್ ಅನ್ನುತ್ತಾರೆ. ಹೆಡ್‌ಫೋನಿನಲ್ಲಿ, ಕಾರಿನಲ್ಲಿ ಇರುವುದು ಇದೇ. ಫೋನಾಕ್ ಕಂಪನಿಯ ಮಾರ್ವೆಲ್, ಪ್ಯಾರಡೈಸ್, ಲುಮಿಟಿ ಸರಣಿಯ ಹೆಚ್ಚಿನ ಮಾಡೆಲ್‌ಗಳು ಈ ಗುಂಪಿಗೆ ಸೇರುತ್ತವೆ. ಇವು ಹೆಡ್‌ಫೋನಿನ ಹಾಗೆ ಹೆಚ್ಚಿನ ಕಂಪ್ಯೂಟರುಗಳಿಗೂ ಕೂಡಿಕೊಳ್ಳುತ್ತವೆ.

ಎರಡನೆಯದು ‘ಮೇಡ್ ಫಾರ್ ಐಫೋನ್’. ಆಪಲ್ ಸಾಧನಗಳ ಜೊತೆ ಮಾತ್ರ ನೇರವಾಗಿ ಮಾತಾಡುವ ಬಗೆ. ಒಟಿಕಾನ್, ರೀಸೌಂಡ್, ಸ್ಟಾರ್ಕಿ, ಸಿಗ್ನಿಯಾ, ವೈಡೆಕ್ಸ್ ಕಂಪನಿಗಳ ಎಷ್ಟೋ ಮಾಡೆಲ್‌ಗಳಲ್ಲಿ ಇದಿದೆ.

ಮೂರನೆಯದು ಆಂಡ್ರಾಯ್ಡ್‌ಗಾಗಿ ಗೂಗಲ್ ಮಾಡಿದ ‘ಆಶಾ’. ನಮ್ಮೂರಿನ ಆಶಾ ಕಾರ್ಯಕರ್ತೆಯರಿಗೂ ಇದಕ್ಕೂ ಸಂಬಂಧವಿಲ್ಲ, ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಸೇರಿ ಆದ ಹೆಸರು. ಆಂಡ್ರಾಯ್ಡ್ 10ರಿಂದ ಈಚೆಗೆ ಇದು ಬಂದಿದೆ, ಆದರೆ ಆ ಆವೃತ್ತಿ ಇದ್ದ ಮಾತ್ರಕ್ಕೆ ಎಲ್ಲ ಫೋನಿನಲ್ಲೂ ಕೆಲಸ ಮಾಡುವುದಿಲ್ಲ. ಫೋನ್ ಕಂಪನಿಯೂ ಅದನ್ನು ಸೇರಿಸಿರಬೇಕು.

ನಾಲ್ಕನೆಯದು ಹೊಸದು, ‘ಎಲ್‌ಇ ಆಡಿಯೊ’. 2020ರಲ್ಲಿ ಘೋಷಣೆಯಾಯಿತು. ರೀಸೌಂಡ್ ನೆಕ್ಸಿಯಾ, ಒಟಿಕಾನ್ ಇಂಟೆಂಟ್ ತರಹದ ಈಚಿನ ಮಷೀನುಗಳಲ್ಲಿದೆ. ಒಂದೇ ಮಷೀನಿನಲ್ಲಿ ಎರಡು ಮೂರು ಬಗೆ ಒಟ್ಟಿಗೆ ಇರುವುದೂ ಉಂಟು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬಂದೆವು. ವಿಂಡೋಸ್ ಲ್ಯಾಪ್‌ಟಾಪಿಗೆ ಎರಡನೆಯ ಬಗೆಯೂ ಬರುವುದಿಲ್ಲ, ಮೂರನೆಯದೂ ಬರುವುದಿಲ್ಲ. ಪಟ್ಟಿಯಲ್ಲಿ ಹೆಸರು ಕಾಣಿಸಬಹುದು, ಯಾಕೆಂದರೆ ಮಷೀನು ‘ನಾನಿಲ್ಲಿದ್ದೇನೆ’ ಅಂತ ಗಾಳಿಯಲ್ಲಿ ಕೂಗುತ್ತಲೇ ಇರುತ್ತದೆ, ಲ್ಯಾಪ್‌ಟಾಪಿಗೆ ಆ ಕೂಗು ಕೇಳಿಸುತ್ತದೆ. ಹೆಸರು ಕಂಡರೆ ಸದ್ದು ಸಾಗಿಸಲು ಬರುತ್ತದೆ ಅಂತ ಅರ್ಥವಲ್ಲ. ಇದು ಗೊತ್ತಿಲ್ಲದೆ ಹತ್ತು ಸಲ ಪೇರ್ ಮಾಡಿದರೂ ಫಲವಿಲ್ಲ.

ಪತ್ತೆ ಮಾಡುವುದು ಹೇಗೆ? ಡಬ್ಬಿಯ ಮೇಲಿನ ಪೂರ್ತಿ ಮಾಡೆಲ್ ಹೆಸರು, ಕೊನೆಯಲ್ಲಿರುವ ಅಕ್ಷರ ಅಂಕಿ ಸಮೇತ, ಹಾಳೆಯಲ್ಲಿ ಬರೆದುಕೊಳ್ಳಿ. ಕಂಪನಿಯ ವೆಬ್‌ಸೈಟಿನಲ್ಲಿ ಹೊಂದುವ ಸಾಧನಗಳ ಪಟ್ಟಿ ಇರುತ್ತದೆ. ಸಿಗದಿದ್ದರೆ ಮಷೀನು ಹಾಕಿಕೊಟ್ಟ ಆಡಿಯಾಲಜಿಸ್ಟ್‌ಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ಕ್ಲಾಸಿಕ್ ಇದೆಯಾ, ಮೇಡ್ ಫಾರ್ ಐಫೋನ್, ಆಶಾ, ಎಲ್‌ಇ ಆಡಿಯೊ, ಇವುಗಳಲ್ಲಿ ಯಾವ್ಯಾವುದಿದೆ? ‘ಟಿ-ಕಾಯಿಲ್ ಇದೆಯಾ’ ಅಂತಲೂ ಜೊತೆಯಲ್ಲೇ ಕೇಳಿಬಿಡಿ, ಅದು ಅಯಸ್ಕಾಂತದ ಮೂಲಕ ಸದ್ದು ಹಿಡಿಯುವ, ಮಷೀನಿನೊಳಗಿನ ಸಣ್ಣ ತಂತಿ ಸುರುಳಿ, ಮುಂದೆ ಬೇಕಾಗುತ್ತದೆ.

ಸರ್ಕಾರದ ಯೋಜನೆಯಲ್ಲಿ ಸಿಕ್ಕಿದ ಮಷೀನು ಅಥವಾ ಕಡಿಮೆ ಬೆಲೆಯ ಮಷೀನಾದರೆ ಬ್ಲೂಟೂತ್ ಇಲ್ಲದೇ ಇರಬಹುದು. ಬೇಸರ ಬೇಡ. ಟಿ-ಕಾಯಿಲ್ ಇದ್ದರೆ ಅದಕ್ಕೂ ದಾರಿ ಇದೆ, ಹಂತ 4ರಲ್ಲಿ ನೋಡಿ.

## ಹಂತ 2: ಬ್ಯಾಟರಿ ನೋಡಿ, ಹಳೆಯ ಜೋಡಿಗಳನ್ನು ಅಳಿಸಿ

ಬ್ಯಾಟರಿ ಕಡಿಮೆ ಇದ್ದಾಗ ಮಷೀನು ಮಾಮೂಲಿ ಕೆಲಸ ಮಾಡುತ್ತದೆ, ಆದರೆ ಪೇರಿಂಗ್ ಅರ್ಧಕ್ಕೆ ನಿಲ್ಲುತ್ತದೆ. ಹೊಸ ಬ್ಯಾಟರಿ ಹಾಕಿ. ಗುಂಡಿಯಂಥ ಸಣ್ಣ ಬ್ಯಾಟರಿಗೆ ಅಂಟಿಸಿರುವ ಬಣ್ಣದ ಚೀಟಿ ಕಿತ್ತ ತಕ್ಷಣ ಒಳಗೆ ತುರುಕಬೇಡಿ. ಅದು ಗಾಳಿಯಿಂದ ಜೀವ ಪಡೆಯುವ ಬ್ಯಾಟರಿ. ಚೀಟಿ ಕಿತ್ತು 5 ನಿಮಿಷ ಹಾಗೇ ಟೇಬಲ್ ಮೇಲಿಡಿ, ಆಮೇಲೆ ಹಾಕಿ. ಚೀಟಿಯ ಬಣ್ಣವನ್ನೂ ನೋಡಿಕೊಳ್ಳಿ: ಹಳದಿ ಅಂದರೆ 10, ಕಂದು 312, ಕಿತ್ತಳೆ 13, ನೀಲಿ 675. ಅಳತೆ ಬೇರೆಯಾದರೆ ಒತ್ತಿ ಕೂರಿಸಲು ಹೋಗಬೇಡಿ, ಬಾಗಿಲು ಮುರಿಯುತ್ತದೆ.

ಆಮೇಲೆ ಹಳೆಯ ಜೋಡಿ. ಈ ಹಿಂದೆ ಆ ಮಷೀನನ್ನು ಯಾವ ಯಾವ ಫೋನಿಗೆ ಜೋಡಿಸಿದ್ದಿರಿ? ಮಗನ ಫೋನು, ಮೊಮ್ಮಗಳ ಟ್ಯಾಬು, ಹಾಳಾಗಿ ಮೂಲೆಯಲ್ಲಿ ಬಿದ್ದಿರುವ ಹಳೆಯ ಫೋನು, ಎಲ್ಲವನ್ನೂ ನೆನಪು ಮಾಡಿಕೊಂಡು ಅವುಗಳ ಬ್ಲೂಟೂತ್ ಆಫ್ ಮಾಡಿ. ಪಕ್ಕದ ರೂಮಿನಲ್ಲಿ ಚಾರ್ಜಿಗಿಟ್ಟ ಫೋನು ಸದ್ದಿಲ್ಲದೆ ಮಷೀನನ್ನು ತನ್ನ ಕಡೆ ಎಳೆದುಕೊಂಡಿರುತ್ತದೆ, ನೀವು ಇಲ್ಲಿ ಲ್ಯಾಪ್‌ಟಾಪ್ ಮುಂದೆ ಬೆವರು ಸುರಿಸುತ್ತಿರುತ್ತೀರಿ. ನಾನು ನೋಡಿದ ಕೇಸುಗಳಲ್ಲಿ ಇದು ತುಂಬಾ ಸಲ ಬಂದಿದೆ.

ಈಗ ಜೋಡಿಸಬೇಕಾದ ಸಾಧನದಲ್ಲೂ ಹಳೆಯ ಹೆಸರಿದ್ದರೆ ‘ಫರ್ಗೆಟ್’ ಅಥವಾ ‘ರಿಮೂವ್’ ಒತ್ತಿ ಅಳಿಸಿ. ಕ್ರಮ ಹೀಗೆ: ಮೊದಲು ಅಳಿಸುವುದು, ಆಮೇಲೆ ಸಾಧನವನ್ನು ರೀಸ್ಟಾರ್ಟ್ ಮಾಡುವುದು, ಕೊನೆಗೆ ಮಷೀನನ್ನು ಆಫ್ ಮಾಡಿ ಆನ್ ಮಾಡುವುದು. ಉಲ್ಟಾ ಮಾಡಿದರೆ ಅವಕಾಶದ ಸಮಯ ಕಳೆದುಹೋಗುತ್ತದೆ. ಅದೇನು ಅಂತ ಮುಂದಿನ ಹಂತದಲ್ಲಿ ಹೇಳುತ್ತೇನೆ.

## ಹಂತ 3: ಮೊದಲು ಫೋನಿಗೆ ಜೋಡಿಸಿ ನೋಡಿ

ಕಂಪ್ಯೂಟರೇ ಬೇಕಿದ್ದರೂ ಮೊದಲು ಫೋನಿಗೆ ಜೋಡಿಸಿ. ಫೋನಿನಲ್ಲಿ ಸದ್ದು ಬಂದರೆ ಮಷೀನು ಸರಿಯಿದೆ ಅಂತ ಖಾತ್ರಿಯಾಗುತ್ತದೆ. ಅದಾದ ಮೇಲೆ ಕಂಪ್ಯೂಟರಿನಲ್ಲಿ ಬರದಿದ್ದರೆ ತಪ್ಪು ಕಂಪ್ಯೂಟರಿನ ಕಡೆಯದು ಅಂತ ಹುಡುಕಬಹುದು.

ಬಹುತೇಕ ಮಷೀನುಗಳು ಆನ್ ಆದ ಮೇಲೆ ಸ್ವಲ್ಪ ಹೊತ್ತು ಮಾತ್ರ ಹೊಸ ಸಾಧನವನ್ನು ಒಪ್ಪಿಕೊಳ್ಳುತ್ತವೆ. ಫೋನಾಕ್‌ನಲ್ಲಿ ಅದು 3 ನಿಮಿಷ. ಅಷ್ಟರೊಳಗೆ ಪೇರ್ ಆಗಬೇಕು. ಆದ್ದರಿಂದ ಮೊದಲು ಫೋನಿನಲ್ಲಿ ಪೇರಿಂಗ್ ಪರದೆ ತೆರೆದಿಟ್ಟುಕೊಳ್ಳಿ, ಆಮೇಲೆ ಮಷೀನು ಆನ್ ಮಾಡಿ. ಬ್ಯಾಟರಿ ಹಾಕುವ ಮಷೀನಾದರೆ ಬಾಗಿಲು ತೆರೆದು ಮುಚ್ಚುವುದೇ ಆಫ್ ಮತ್ತು ಆನ್. ಚಾರ್ಜ್ ಮಾಡುವ ಮಷೀನಾದರೆ ಬಟನ್ ಒತ್ತಿ ಹಿಡಿಯಬೇಕು, ಹೆಚ್ಚಿನವುಗಳಲ್ಲಿ ಚಾರ್ಜರಿನಲ್ಲಿಟ್ಟು ಹೊರತೆಗೆದರೂ ಆನ್ ಆಗುತ್ತದೆ.

ಐಫೋನಿನಲ್ಲಿ: ಮೇಡ್ ಫಾರ್ ಐಫೋನ್ ಮಷೀನಾದರೆ ಬ್ಲೂಟೂತ್ ಪುಟದಲ್ಲಿ ಹುಡುಕಬೇಡಿ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಹಿಯರಿಂಗ್ ಡಿವೈಸಸ್, ಈ ದಾರಿಯಲ್ಲಿ ಹೋಗಿ. ಅಲ್ಲೇ ಹೆಸರು ಬರುತ್ತದೆ. ಎಡ, ಬಲ ಎರಡಕ್ಕೂ ‘ಪೇರ್’ ಅಂತ ಬೇರೆ ಬೇರೆಯಾಗಿ ಕೇಳಬಹುದು, ಎರಡಕ್ಕೂ ಒತ್ತಿ. ಒಂದಕ್ಕೆ ಒತ್ತಿ ಬಿಟ್ಟವರು ‘ಒಂದೇ ಕಿವಿಗೆ ಕೇಳಿಸುತ್ತದೆ’ ಅಂತ ಬರುತ್ತಾರೆ. ಕ್ಲಾಸಿಕ್ ಬಗೆಯ ಮಷೀನಾದರೆ ಮಾತ್ರ ಮಾಮೂಲಿ ಬ್ಲೂಟೂತ್ ಪುಟ.

ಆಂಡ್ರಾಯ್ಡಿನಲ್ಲಿ: ಸೆಟ್ಟಿಂಗ್ಸ್‌ನಲ್ಲಿ ಕನೆಕ್ಟೆಡ್ ಡಿವೈಸಸ್, ಪೇರ್ ನ್ಯೂ ಡಿವೈಸ್. ಹೊಸ ಫೋನುಗಳಲ್ಲಿ ಆಕ್ಸೆಸಿಬಿಲಿಟಿ ಒಳಗೂ ಹಿಯರಿಂಗ್ ಡಿವೈಸಸ್ ಅಂತ ಸಿಗುತ್ತದೆ.

ಕಂಪನಿಯ ಆ್ಯಪ್ ಹಾಕಿಕೊಳ್ಳುವುದು ಕೊನೆಗೆ. ಆ್ಯಪ್‌ಗೆ ಮಷೀನು ಸಿಕ್ಕಿತು ಅಂದರೆ ವಾಲ್ಯೂಮ್ ಬದಲಾಯಿಸಬಹುದು ಅಷ್ಟೇ, ಹಾಡು ಮತ್ತು ಫೋನ್ ಕಾಲಿನ ಸದ್ದು ಬರಬೇಕಾದರೆ ಫೋನಿನ ಸೆಟ್ಟಿಂಗ್ಸ್‌ನಲ್ಲೂ ಜೋಡಿಯಾಗಿರಬೇಕು. ಇವೆರಡು ಬೇರೆ ಬೇರೆ ಸಂಪರ್ಕ. ಆ್ಯಪ್‌ನಲ್ಲಿ ಹಸಿರು ಗುರುತು ಕಂಡು ನಿಲ್ಲಿಸಬೇಡಿ.

ಪರೀಕ್ಷೆ ಮಾಡುವಾಗ ಫೋನಿನ ವಾಲ್ಯೂಮ್ ಕಾಲು ಭಾಗಕ್ಕೆ ಇಳಿಸಿ ಶುರು ಮಾಡಿ. ಸದ್ದು ನೇರವಾಗಿ ಕಿವಿಯೊಳಗೆ ಹೋಗುತ್ತದೆ. ಒಮ್ಮೆಲೇ ಜೋರಾಗಿ ಬಂದರೆ ವಯಸ್ಸಾದವರು ಬೆಚ್ಚಿ ಬೀಳುತ್ತಾರೆ, ಮತ್ತೆ ಹಾಕಿಕೊಳ್ಳಲಿಕ್ಕೇ ಹೆದರುತ್ತಾರೆ.

## ಹಂತ 4: ಕಂಪ್ಯೂಟರಿಗೆ ಜೋಡಿಸುವ ನಾಲ್ಕು ದಾರಿ

ಹಂತ 1ರಲ್ಲಿ ಬರೆದುಕೊಂಡ ಹಾಳೆ ಈಗ ತೆಗೆಯಿರಿ.

ದಾರಿ 1, ಕ್ಲಾಸಿಕ್ ಮಷೀನು. ಸುಲಭ. ಫೋನಿನ ಬ್ಲೂಟೂತ್ ಆಫ್ ಮಾಡಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಬ್ಲೂಟೂತ್ ಆ್ಯಂಡ್ ಡಿವೈಸಸ್, ಆ್ಯಡ್ ಡಿವೈಸ್, ಬ್ಲೂಟೂತ್. ಈ ಪರದೆ ತೆರೆದ ಮೇಲೆ ಮಷೀನು ಆನ್ ಮಾಡಿ. ಹೆಸರು ಬಂದ ಕೂಡಲೇ ಒತ್ತಿ. ಎಡ ಅಥವಾ ಬಲ ಯಾವುದೋ ಒಂದೇ ಕಿವಿಯ ಹೆಸರು ಬಂದರೆ ಗಾಬರಿ ಬೇಡ. ಒಂದು ಮಷೀನು ಸಂಪರ್ಕ ಹಿಡಿದು ಇನ್ನೊಂದಕ್ಕೆ ಸದ್ದು ಹಂಚುತ್ತದೆ.

ಪೇರ್ ಆದ ಮೇಲೆ ಟಾಸ್ಕ್‌ಬಾರಿನ ಸ್ಪೀಕರ್ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಸೌಂಡ್ ಸೆಟ್ಟಿಂಗ್ಸ್ ತೆರೆದು, ಔಟ್‌ಪುಟ್‌ನಲ್ಲಿ ಮಷೀನಿನ ಹೆಸರು ಆರಿಸಿ. ವಿಂಡೋಸ್ 10 ಇದ್ದರೆ ಒಂದೇ ಮಷೀನು ಎರಡು ಹೆಸರಲ್ಲಿ ಕಾಣಿಸುತ್ತದೆ: ಸ್ಟೀರಿಯೊ ಅಂತ ಒಂದು, ಹ್ಯಾಂಡ್ಸ್-ಫ್ರೀ ಅಂತ ಒಂದು. ಸ್ಟೀರಿಯೊ ಆರಿಸಿ. ಹ್ಯಾಂಡ್ಸ್-ಫ್ರೀ ಆರಿಸಿದರೆ ಡಬ್ಬದೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತದೆ.

ದಾರಿ 2, ಎಲ್‌ಇ ಆಡಿಯೊ ಮಷೀನು. ವಿಂಡೋಸ್ 11 ಬೇಕು, ಅದರಲ್ಲೂ 22ಎಚ್2 ಆವೃತ್ತಿ ಅಥವಾ ಅದಕ್ಕಿಂತ ಹೊಸದು. ಜೊತೆಗೆ ಲ್ಯಾಪ್‌ಟಾಪಿನ ಒಳಗಿನ ಬ್ಲೂಟೂತ್ ಚಿಪ್ಪಿಗೂ ಅದನ್ನು ನಡೆಸುವ ಸಾಫ್ಟ್‌ವೇರಾದ ಡ್ರೈವರಿಗೂ ಇದು ಬರಬೇಕು. ತಿಳಿಯುವುದು ಸುಲಭ: ಸೆಟ್ಟಿಂಗ್ಸ್, ಬ್ಲೂಟೂತ್ ಆ್ಯಂಡ್ ಡಿವೈಸಸ್, ಡಿವೈಸಸ್ ಒಳಗೆ ಹೋಗಿ ಕೆಳಗೆ ಇಳಿಯಿರಿ. ‘ಯೂಸ್ ಎಲ್‌ಇ ಆಡಿಯೊ ವೆನ್ ಅವೈಲಬಲ್’ ಅನ್ನುವ ಸ್ವಿಚ್ ಇದೆಯಾ? ಇದ್ದರೆ ಆನ್ ಮಾಡಿ, ದಾರಿ 1ರಂತೆಯೇ ಪೇರ್ ಮಾಡಿ. ಆ ಸ್ವಿಚ್ಚೇ ಇಲ್ಲದಿದ್ದರೆ ನಿಮ್ಮ ಲ್ಯಾಪ್‌ಟಾಪ್ ಸದ್ಯಕ್ಕೆ ಇದನ್ನು ಮಾಡಲಾರದು. ಲ್ಯಾಪ್‌ಟಾಪ್ ಕಂಪನಿಯ ಡ್ರೈವರ್ ಅಪ್‌ಡೇಟ್ ಒಮ್ಮೆ ಹಾಕಿ ನೋಡಿ, ಆಗಲೂ ಬರದಿದ್ದರೆ ದಾರಿ 4ಕ್ಕೆ ಹೋಗಿ.

ಇಲ್ಲಿ ದುಡ್ಡು ಕಳೆದುಕೊಳ್ಳಬೇಡಿ. ‘ಬ್ಲೂಟೂತ್ 5.3’ ಅಂತ ಬರೆದ ಸಣ್ಣ ಯುಎಸ್‌ಬಿ ಡಾಂಗಲ್ ಕಡಿಮೆ ಬೆಲೆಗೆ ಸಿಗುತ್ತದೆ. ನಂಬರ್ ದೊಡ್ಡದಿದ್ದ ಮಾತ್ರಕ್ಕೆ ಎಲ್‌ಇ ಆಡಿಯೊ ಬರುವುದಿಲ್ಲ. ಇನ್ನೊಂದು ಎಚ್ಚರಿಕೆ: ನೋವಾಲಿಂಕ್ ವೈರ್‌ಲೆಸ್ ಅನ್ನುವ ಉಪಕರಣ ಆಡಿಯಾಲಜಿಸ್ಟ್‌ಗಳು ಮಷೀನಿನ ಪ್ರೋಗ್ರಾಂ ಕೂರಿಸಲು ಬಳಸುವಂಥದ್ದು, ಹಾಡು ಅಥವಾ ಕಾಲ್ ಕೇಳಲು ಅಲ್ಲ. ನಮಗೂ ಒಬ್ಬ ಅಂಗಡಿಯವರು ‘ಇದು ಕಂಪ್ಯೂಟರಿಗೆ ಕನೆಕ್ಟ್ ಮಾಡುತ್ತೆ’ ಅಂತ ಅದನ್ನು ಮಾರಲು ಬಂದಿದ್ದರು. ಕನೆಕ್ಟ್ ಮಾಡುವುದು ನಿಜ, ಆದರೆ ಅತ್ತೆಗೆ ಮಗಳ ಮಾತು ಕೇಳಿಸುವುದಕ್ಕೆ ಅದರಿಂದ ಏನೂ ಉಪಯೋಗವಿರಲಿಲ್ಲ.

ದಾರಿ 3, ಆಪಲ್ ಮ್ಯಾಕ್. ಮೇಡ್ ಫಾರ್ ಐಫೋನ್ ಮಷೀನನ್ನು ಮ್ಯಾಕ್‌ಗೆ ನೇರ ಜೋಡಿಸುವ ಸೌಲಭ್ಯ ಬಂದಿದ್ದು 2023ರ ಸೊನೋಮಾ ಆವೃತ್ತಿಯಿಂದ. ಎಂ1 ಚಿಪ್ಪಿನ ಕೆಲವು ಮ್ಯಾಕ್‌ಗಳು, ಎಂ2 ಮತ್ತು ಅದರ ನಂತರದವುಗಳಲ್ಲಿ ಆಗುತ್ತದೆ. ಸಿಸ್ಟಂ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಹಿಯರಿಂಗ್ ಡಿವೈಸಸ್. ಇಂಟೆಲ್ ಚಿಪ್ಪಿನ ಹಳೆಯ ಮ್ಯಾಕ್‌ನಲ್ಲಿ ಆಗುವುದಿಲ್ಲ, ಪ್ರಯತ್ನವೇ ಬೇಡ.

ದಾರಿ 4, ನೇರವಾಗಿ ಆಗದವರಿಗೆ. ಇಲ್ಲಿ ಮೂರು ಉಪಾಯಗಳಿವೆ. ನನಗೆ ಇವು ಬಹಳ ಇಷ್ಟ, ಯಾಕೆಂದರೆ ಇವು ಕೈಕೊಡುವುದು ಕಡಿಮೆ.

ಒಂದು, ಖರ್ಚೇ ಇಲ್ಲದ್ದು. ವಿಡಿಯೊ ಕಾಲಿಗೆ ಲ್ಯಾಪ್‌ಟಾಪಿನಿಂದಲೂ ಫೋನಿನಿಂದಲೂ ಸೇರಿಕೊಳ್ಳಿ. ಮುಖ ದೊಡ್ಡದಾಗಿ ನೋಡಲು ಲ್ಯಾಪ್‌ಟಾಪು, ಕೇಳಲು ಮತ್ತು ಮಾತಾಡಲು ಮಷೀನಿಗೆ ಜೋಡಿಸಿದ ಫೋನು. ಲ್ಯಾಪ್‌ಟಾಪಿನಲ್ಲಿ ಮೈಕೂ ಸ್ಪೀಕರೂ ಎರಡೂ ಬಂದ್ ಮಾಡಿರಬೇಕು, ಇಲ್ಲದಿದ್ದರೆ ಕೂಗಿದ್ದೇ ಕೂಗುತ್ತಾ ಪ್ರತಿಧ್ವನಿ ಬರುತ್ತದೆ. ಝೂಮ್‌ನಲ್ಲಿ ‘ಲೀವ್ ಕಂಪ್ಯೂಟರ್ ಆಡಿಯೊ’ ಒತ್ತಿದರೆ ಸಾಕು. ಗೂಗಲ್ ಮೀಟ್‌ನಲ್ಲಿ ಕಂಪ್ಯಾನಿಯನ್ ಮೋಡ್ ಅಂತ ಇದಕ್ಕಾಗಿಯೇ ಇದೆ.

ಎರಡು, ಕಂಪನಿಯದೇ ಕ್ಲಿಪ್ ಅಥವಾ ಟಿವಿ ಬಾಕ್ಸ್ (ಟಿವಿಯ ಸದ್ದನ್ನು ಮಷೀನಿಗೆ ಕಳಿಸುವ ಪೆಟ್ಟಿಗೆ, ಸೆಟ್ ಟಾಪ್ ಬಾಕ್ಸ್ ಅಲ್ಲ). ಒಟಿಕಾನ್‌ಗೆ ಕನೆಕ್ಟ್‌ಕ್ಲಿಪ್, ಸಿಗ್ನಿಯಾಗೆ ಸ್ಟ್ರೀಮ್‌ಲೈನ್ ಮೈಕ್, ರೀಸೌಂಡ್‌ಗೆ ಮಲ್ಟಿ ಮೈಕ್. ಮೊದಲೆರಡು ಲ್ಯಾಪ್‌ಟಾಪಿನಿಂದ ಮಾಮೂಲಿ ಬ್ಲೂಟೂತಿನಲ್ಲಿ ಸದ್ದು ಪಡೆದು ಮಷೀನಿಗೆ ಅದರ ಭಾಷೆಯಲ್ಲಿ ಕಳಿಸುತ್ತವೆ, ಮಲ್ಟಿ ಮೈಕ್‌ಗೆ ವೈರ್ ಹಾಕಬೇಕು. ಮನೆಯಲ್ಲಿ ಈಗಾಗಲೇ ಟಿವಿ ಬಾಕ್ಸ್ ಇದ್ದರೆ ಅದನ್ನೇ ಬಳಸಬಹುದು: ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ 3.5 ಎಂಎಂ ವೈರ್ ಎಳೆದು ಬಾಕ್ಸಿಗೆ ಹಾಕಿ. ವಿಂಡೋಸ್ ಯಾವುದು, ಡ್ರೈವರ್ ಯಾವುದು ಅನ್ನುವ ತಲೆನೋವೇ ಇಲ್ಲ. ಆದರೆ ಒಂದು ಕಂಪನಿಯ ಕ್ಲಿಪ್ ಇನ್ನೊಂದು ಕಂಪನಿಯ ಮಷೀನಿಗೆ ಹೊಂದುವುದಿಲ್ಲ, ಅದೇ ಕಂಪನಿಯ ಹಳೆಯ ಮಾಡೆಲಿಗೂ ಹೊಂದದೇ ಇರಬಹುದು. ಕೊಳ್ಳುವ ಮುಂಚೆ ನಿಮ್ಮ ಮಾಡೆಲ್ ಹೆಸರು ಹೇಳಿ ಕೇಳಿ, ಸಾಧ್ಯವಾದರೆ ಅಂಗಡಿಯಲ್ಲೇ ಹಾಕಿಸಿ ನೋಡಿ.

ಮೂರು, ಬ್ಲೂಟೂತೇ ಇಲ್ಲದ ಮಷೀನಿಗೆ ಟಿ-ಕಾಯಿಲ್ ದಾರಿ. ಕೊರಳಿಗೆ ಮಾಲೆಯ ಹಾಗೆ ಹಾಕಿಕೊಳ್ಳುವ ನೆಕ್ ಲೂಪ್ ಸಿಗುತ್ತದೆ. ಅದರ ತುದಿಯನ್ನು ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ಹಾಕಿ, ಮಷೀನನ್ನು ‘ಟಿ’ಗೆ ತಿರುಗಿಸಿ. ‘ಟಿ’ ಕಾರ್ಯಕ್ರಮ ಮಷೀನಿನಲ್ಲಿ ಇದ್ದೂ ಆನ್ ಆಗಿಲ್ಲದಿರಬಹುದು, ಆಡಿಯಾಲಜಿಸ್ಟ್ ಅದನ್ನು ತೆರೆದುಕೊಡಬೇಕು. ಮನೆಯ ಯುಪಿಎಸ್, ಹಳೆಯ ಟ್ಯೂಬ್‌ಲೈಟಿನ ಹತ್ತಿರ ಕೂತರೆ ‘ಗುಂಯ್’ ಅಂತ ಸದ್ದು ಬರುತ್ತದೆ. ಕುರ್ಚಿ ಎರಡು ಮಾರು ದೂರ ಹಾಕಿ, ನಿಲ್ಲುತ್ತದೆ.

## ಹಂತ 5: ಕಾಲ್ ಮಾಡುವಾಗ ಮೈಕ್ ಒಂದು, ಸ್ಪೀಕರ್ ಇನ್ನೊಂದು

ಕ್ಲಾಸಿಕ್ ಮಷೀನಿನವರಿಗೆ ಈ ಹಂತ ಬಹಳ ಮುಖ್ಯ. ಹಾಡು ಚೆನ್ನಾಗಿ ಕೇಳಿಸುತ್ತಿತ್ತು, ಮೀಟಿಂಗ್ ಶುರುವಾದ ಕೂಡಲೇ ಸದ್ದು ಕೆಟ್ಟುಹೋಯಿತು ಅನ್ನುತ್ತಾರೆ. ಕಾರಣ ಇಷ್ಟೇ. ಕ್ಲಾಸಿಕ್ ಬ್ಲೂಟೂತ್ ಚೆನ್ನಾದ ಸ್ಟೀರಿಯೊ ಸದ್ದು ಕೊಡುವಾಗ ಮೈಕ್ ತೆರೆಯುವುದಿಲ್ಲ. ಮಷೀನಿನ ಮೈಕನ್ನೂ ಬಳಸುತ್ತೇನೆ ಅಂದ ಕ್ಷಣ ಇಡೀ ಸಂಪರ್ಕ ಟೆಲಿಫೋನ್ ಗುಣಮಟ್ಟಕ್ಕೆ ಇಳಿಯುತ್ತದೆ. ಕಿವಿ ಮಂದ ಇರುವವರಿಗೆ ಸ, ಶ, ತ, ಕ ಅಕ್ಷರಗಳ ವ್ಯತ್ಯಾಸ ಅಲ್ಲೇ ಕಳೆದುಹೋಗುತ್ತದೆ.

ಆದ್ದರಿಂದ ಝೂಮ್, ಮೀಟ್, ಟೀಮ್ಸ್, ಯಾವುದೇ ಇರಲಿ, ಅದರ ಆಡಿಯೊ ಸೆಟ್ಟಿಂಗ್ಸ್ ಒಳಗೆ ಹೋಗಿ ಸ್ಪೀಕರ್ ಜಾಗದಲ್ಲಿ ಕಿವಿ ಮಷೀನು, ಮೈಕ್ರೊಫೋನ್ ಜಾಗದಲ್ಲಿ ಲ್ಯಾಪ್‌ಟಾಪಿನ ಸ್ವಂತ ಮೈಕು ಆರಿಸಿ. ವಿಂಡೋಸ್‌ನಲ್ಲಿ ಆರಿಸಿದ್ದು ಸಾಲದು, ಆ್ಯಪ್ ಒಳಗೂ ಆರಿಸಬೇಕು. ಇದೊಂದು ಬದಲಾವಣೆಯಿಂದಲೇ ಎಷ್ಟೋ ಜನರ ಆಫೀಸ್ ಮೀಟಿಂಗ್ ಸಲೀಸಾಗಿದೆ.

ಒಂದೇ ಕಿವಿಗೆ ಮಷೀನು ಹಾಕುವವರಾದರೆ ಮೋನೊ ಆಡಿಯೊ ಆನ್ ಮಾಡಿ. ವಿಂಡೋಸ್ 11ರಲ್ಲಿ ಆಕ್ಸೆಸಿಬಿಲಿಟಿ, ಆಡಿಯೊ ಒಳಗಿದೆ. ಫೋನುಗಳಲ್ಲೂ ಆಕ್ಸೆಸಿಬಿಲಿಟಿಯಲ್ಲೇ ಇರುತ್ತದೆ. ಇಲ್ಲದಿದ್ದರೆ ಎಡಗಡೆಯ ಸದ್ದು ಬಲಗಿವಿಯವರಿಗೆ ಬರುವುದೇ ಇಲ್ಲ.

ಇನ್ನೊಂದು ಸಣ್ಣ ಕಿರಿಕಿರಿ, ಆದರೆ ಇದರಿಂದಲೇ ಜೋಡಿಸುವುದನ್ನು ಬಿಟ್ಟವರಿದ್ದಾರೆ. ಮೇಲ್ ಬಂದಾಗ ‘ಟಿಂಗ್’ ಅನ್ನುವ ಸದ್ದಿಗೂ ಮಷೀನು ಸ್ಟ್ರೀಮಿಂಗಿಗೆ, ಅಂದರೆ ಜೋಡಿಸಿದ ಸಾಧನದ ಸದ್ದು ಕೇಳಿಸುವ ಕಡೆಗೆ, ತಿರುಗುತ್ತದೆ, ಎದುರಿಗಿರುವವರ ಮಾತು ನಾಲ್ಕೈದು ಸೆಕೆಂಡು ತಗ್ಗುತ್ತದೆ. ಸೌಂಡ್ ಸೆಟ್ಟಿಂಗ್ಸ್, ಮೋರ್ ಸೌಂಡ್ ಸೆಟ್ಟಿಂಗ್ಸ್, ಸೌಂಡ್ಸ್ ಒಳಗೆ ‘ನೋ ಸೌಂಡ್ಸ್’ ಆರಿಸಿ. ವಾಟ್ಸಾಪ್, ಮೇಲ್ ತರಹದ ಆ್ಯಪ್‌ಗಳ ನೋಟಿಫಿಕೇಶನ್ ಸದ್ದನ್ನು ಅವುಗಳ ಒಳಗೇ ತೆಗೆಯಿರಿ. ಫೋನಿನ ಕೀಬೋರ್ಡ್ ಸದ್ದನ್ನೂ.

## ಹಂತ 6: ಟಿವಿ

ನಮ್ಮ ಕಡೆ ಜಗಳ ಹುಟ್ಟುವುದೇ ಇಲ್ಲಿ. ಅಪ್ಪ ವಾಲ್ಯೂಮ್ 60ಕ್ಕೆ ಇಡುತ್ತಾರೆ, ಪಕ್ಕದ ರೂಮಿನಲ್ಲಿ ಓದುವ ಮಕ್ಕಳಿಗೆ ಕಷ್ಟ. ಟಿವಿಯಲ್ಲೂ ಬ್ಲೂಟೂತ್ ಇದೆಯಲ್ಲ ಅಂತ ಅದಕ್ಕೇ ಜೋಡಿಸಲು ಹೋಗುತ್ತಾರೆ. ಕ್ಲಾಸಿಕ್ ಮಷೀನಾದರೆ ಕೂಡಬಹುದು, ಆದರೆ ತುಟಿ ಮೊದಲು ಆಡುತ್ತದೆ, ಮಾತು ಆಮೇಲೆ ಬರುತ್ತದೆ. ತುಟಿ ನೋಡಿಕೊಂಡು ಅರ್ಥ ಮಾಡಿಕೊಳ್ಳುವವರಿಗೆ ಇದು ಬಹಳ ಹಿಂಸೆ. ನನ್ನ ಅನುಭವದಲ್ಲಿ ಟಿವಿಗೆ ಆಯಾ ಕಂಪನಿಯ ಟಿವಿ ಬಾಕ್ಸೇ ಸರಿ. ಫೋನಾಕ್ ಟಿವಿ ಕನೆಕ್ಟರ್, ಒಟಿಕಾನ್ ಟಿವಿ ಅಡಾಪ್ಟರ್, ಸಿಗ್ನಿಯಾ ಸ್ಟ್ರೀಮ್‌ಲೈನ್ ಟಿವಿ, ರೀಸೌಂಡ್ ಟಿವಿ ಸ್ಟ್ರೀಮರ್, ಹೀಗೆ. ಖರ್ಚಿನ ಬಾಬತ್ತು ನಿಜ, ಆದರೆ ದಿನಕ್ಕೆ ಮೂರು ಗಂಟೆ ಟಿವಿ ನೋಡುವ ಹಿರಿಯರಿದ್ದರೆ ಆ ದುಡ್ಡಿಗೆ ಮೋಸವಿಲ್ಲ.

ಕ್ರಮ ಹೀಗಿರಲಿ.

1. ಬಾಕ್ಸಿಗೆ ಗೋಡೆಯ ಪ್ಲಗ್ಗಿನಿಂದ ಕರೆಂಟ್ ಕೊಡಿ. ಟಿವಿಯ ಯುಎಸ್‌ಬಿಯಿಂದ ಕೊಟ್ಟರೆ ಕೆಲವು ಟಿವಿಗಳಲ್ಲಿ ಸಾಕಷ್ಟು ಕರೆಂಟ್ ಸಿಗದೆ ಬಾಕ್ಸ್ ಆಗಾಗ ಸಾಯುತ್ತದೆ.

2. ವೈರನ್ನು ಟಿವಿಯಿಂದ ತೆಗೆದುಕೊಳ್ಳಿ, ಸೆಟ್ ಟಾಪ್ ಬಾಕ್ಸಿನಿಂದ ಅಲ್ಲ. ಸೆಟ್ ಟಾಪ್ ಬಾಕ್ಸಿಗೆ ಹಾಕಿದರೆ ಚಾನೆಲ್ ಕೇಳಿಸುತ್ತದೆ, ಟಿವಿಯಲ್ಲಿ ಯೂಟ್ಯೂಬ್ ಹಾಕಿದಾಗ ಏನೂ ಕೇಳಿಸುವುದಿಲ್ಲ.

3. ಟಿವಿ ಹಿಂದೆ ‘ಆಪ್ಟಿಕಲ್’ ಅಂತ ಬರೆದ ಚೌಕಾಕಾರದ ತೂತು ಇದ್ದರೆ ಅದನ್ನೇ ಬಳಸಿ. ಆಪ್ಟಿಕಲ್ ವೈರಿನ ಎರಡೂ ತುದಿಗೆ ಸಣ್ಣ ಪ್ಲಾಸ್ಟಿಕ್ ಟೊಪ್ಪಿ ಇರುತ್ತದೆ. ಪಾರದರ್ಶಕವಾಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅದನ್ನು ತೆಗೆಯದೆ ತುರುಕುತ್ತಾರೆ. ತೆಗೆಯಿರಿ. ಒಂದು ತುದಿ ಟಿವಿಗೆ ಹಾಕಿದ ಮೇಲೆ ಇನ್ನೊಂದು ತುದಿಯನ್ನು ಅಂಗೈಗೆ ಹಿಡಿದರೆ ಕೆಂಪು ಬೆಳಕಿನ ಚುಕ್ಕೆ ಕಾಣಬೇಕು. ಕಂಡರೆ ಟಿವಿ ಸದ್ದು ಕಳಿಸುತ್ತಿದೆ ಅಂತ ಅರ್ಥ.

4. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ ಫಾರ್ಮ್ಯಾಟನ್ನು ‘ಪಿಸಿಎಂ’ ಮಾಡಿ. ಬಹಳಷ್ಟು ಬಾಕ್ಸ್‌ಗಳಿಗೆ ಡಾಲ್ಬಿ ಅನ್ನುವ ಇನ್ನೊಂದು ಫಾರ್ಮ್ಯಾಟ್ ಅರ್ಥವಾಗುವುದಿಲ್ಲ. ಗುರುತು ಏನೆಂದರೆ, ಮಾಮೂಲಿ ಚಾನೆಲ್ ಕೇಳಿಸುತ್ತದೆ, ಕೆಲವು ಎಚ್‌ಡಿ ಚಾನೆಲ್ ಹಾಕಿದ ಕೂಡಲೇ ನಿಶ್ಶಬ್ದ. ಆಗ ಸೆಟ್ ಟಾಪ್ ಬಾಕ್ಸಿನ ಆಡಿಯೊ ಸೆಟ್ಟಿಂಗನ್ನೂ ಪಿಸಿಎಂ ಅಥವಾ ಸ್ಟೀರಿಯೊ ಮಾಡಬೇಕು.

5. ಆಪ್ಟಿಕಲ್ ಇಲ್ಲದಿದ್ದರೆ ಕೆಂಪು ಬಿಳಿ ಪಿನ್ನಿನ ಔಟ್ ನೋಡಿ. ಅದು ‘ಇನ್’ ಅಲ್ಲ, ‘ಔಟ್’ ಅಂತ ಓದಿ ಖಾತ್ರಿ ಮಾಡಿಕೊಳ್ಳಿ. ಹೆಡ್‌ಫೋನ್ ತೂತು ಕೊನೆಯ ಆಯ್ಕೆ, ಯಾಕೆಂದರೆ ಅದಕ್ಕೆ ಹಾಕಿದರೆ ಹೆಚ್ಚಿನ ಟಿವಿಗಳಲ್ಲಿ ಸ್ಪೀಕರ್ ಬಂದ್ ಆಗಿ ಮನೆಯ ಉಳಿದವರಿಗೆ ಏನೂ ಕೇಳಿಸುವುದಿಲ್ಲ.

6. ಎಲ್ಲ ಮುಗಿದ ಮೇಲೆ, ಟಿವಿಯಲ್ಲಿ ಸದ್ದು ಬರುತ್ತಿರುವಾಗ, ಬಾಕ್ಸಿನ ಪೇರಿಂಗ್ ಬಟನ್ ಒತ್ತಿ, ಮಷೀನುಗಳನ್ನು ಬಾಕ್ಸಿನ ಪಕ್ಕಕ್ಕೆ, ಒಂದು ಮೊಳದೊಳಗೆ ಹಿಡಿದು, ಆಫ್ ಮಾಡಿ ಆನ್ ಮಾಡಿ. ಎರಡನ್ನೂ ಒಟ್ಟಿಗೆ.

ಅಮೆಜಾನ್ ಫೈರ್ ಟಿವಿಯ ಕೆಲವು ಮಾಡೆಲ್‌ಗಳಿಗೆ ‘ಆಶಾ’ ಬರುತ್ತದೆ, ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಒಳಗೆ ಹಿಯರಿಂಗ್ ಏಡ್ಸ್ ಅಂತ ಇದ್ದರೆ ನಿಮ್ಮದರಲ್ಲಿದೆ. ಆದರೆ ಅದರೊಳಗಿನ ಆ್ಯಪ್‌ಗಳ ಸದ್ದು ಮಾತ್ರ ಬರಬಹುದು. ಕೇಬಲ್ ಚಾನೆಲ್ ಬಾರದೇ ಇರಬಹುದು.

ಟಿವಿ ಕೇಳುವಾಗ ಹೊರಗಿನ ಸದ್ದನ್ನು ಪೂರ್ತಿ ಮುಚ್ಚಬೇಡಿ. ಆ್ಯಪ್‌ನಲ್ಲಿ ಸುತ್ತಲಿನ ಸದ್ದಿನ ಅಳತೆ ಬದಲಾಯಿಸಬಹುದು. ಕುಕ್ಕರ್ ಕೂಗಿದ್ದು, ಬಾಗಿಲು ಬಡಿದಿದ್ದು ಕೇಳಿಸುವಷ್ಟು ಉಳಿಸಿ. ಒಬ್ಬರೇ ಮನೆಯಲ್ಲಿರುವ ಹಿರಿಯರಿಗೆ ಇದನ್ನು ನೀವೇ ಕೂತು ಹೊಂದಿಸಿಕೊಡಿ.

## ಹಂತ 7: ಲ್ಯಾಂಡ್‌ಲೈನ್, ಕಾಲಿಂಗ್ ಬೆಲ್

ಲ್ಯಾಂಡ್‌ಲೈನ್ ಇದ್ದರೆ ರಿಸೀವರನ್ನು ಕಿವಿಯ ತೂತಿಗೆ ಅಲ್ಲ, ಕಿವಿಯ ಹಿಂದೆ ಮಷೀನಿನ ಮೈಕ್ ಇರುವ ಜಾಗಕ್ಕೆ ಹಿಡಿಯಬೇಕು. ಸೀಟಿ ಹೊಡೆದರೆ ಒಂದಿಂಚು ದೂರ ಮಾಡಿ. ಕಾಲಿಂಗ್ ಬೆಲ್ಲಿಗೆ ಬ್ಲೂಟೂತಿನ ಸರ್ಕಸ್ ಬೇಡ, ಬೆಲ್ ಒತ್ತಿದಾಗ ದೀಪ ಮಿನುಗುವ ಬೆಲ್ಲು ಹಾಕಿಸಿ. ಮಷೀನು ತೆಗೆದಿಟ್ಟು ಮಲಗಿದಾಗಲೂ ಅದು ಕೆಲಸಕ್ಕೆ ಬರುತ್ತದೆ.

## ಹಂತ 8: ಜೋಡಿಯಾಗಿದೆ, ಆದರೆ ಸದ್ದು ಕಡಿದು ಕಡಿದು ಬರುತ್ತಿದೆ

ಇದರಲ್ಲಿ ಹೆಚ್ಚಿನದು ಜಾಗದ ತಪ್ಪು. ಬ್ಲೂಟೂತ್, ಹೆಚ್ಚಿನ ವೈಫೈ, ಮೈಕ್ರೊವೇವ್ ಒಲೆ, ಎಲ್ಲವೂ 2.4 ಗಿಗಾಹರ್ಟ್ಸ್ ಅನ್ನುವ ಒಂದೇ ಬೀದಿಯಲ್ಲಿ ಓಡಾಡುತ್ತವೆ. ರೂಟರ್ ಮೇಲೆ ಲ್ಯಾಪ್‌ಟಾಪ್ ಇಟ್ಟರೆ, ಟಿವಿ ಬಾಕ್ಸನ್ನು ರೂಟರಿಗೆ ಒರಗಿಸಿದರೆ ಸದ್ದು ಕಡಿಯುತ್ತದೆ. ಒಂದೆರಡು ಮಾರು ದೂರ ಇಡಿ. ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್ ವೈಫೈಗೆ ಹಾಕಿ.

ಯುಎಸ್‌ಬಿ 3 ತೂತಿಗೆ, ನೀಲಿ ಬಣ್ಣದ್ದು ಇರುತ್ತದಲ್ಲ ಅದಕ್ಕೆ, ಹಾರ್ಡ್ ಡಿಸ್ಕ್ ಹಾಕಿ ಪಕ್ಕದಲ್ಲೇ ಬ್ಲೂಟೂತ್ ಡಾಂಗಲ್ ಹಾಕಿದರೂ ತೊಂದರೆ. ಆ ತೂತಿನಿಂದಲೂ ಅದೇ ಬೀದಿಯಲ್ಲಿ ಗದ್ದಲ ಹೊರಡುತ್ತದೆ. ಒಂದಡಿಯ ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರಿಗೆ ಡಾಂಗಲ್ ಹಾಕಿ ದೂರ ತನ್ನಿ.

ನಮ್ಮ ಮೈಯೂ ಅಡ್ಡ ಬರುತ್ತದೆ, ಮೈಯೊಳಗಿನ ನೀರು ಈ ತರಂಗವನ್ನು ಹೀರಿಕೊಳ್ಳುತ್ತದೆ. ಫೋನು ಎಡಗಡೆಯ ಹಿಂದಿನ ಜೇಬಿನಲ್ಲಿದ್ದು, ಸಂಪರ್ಕ ಹಿಡಿಯುವ ಮಷೀನು ಬಲಗಿವಿಯಲ್ಲಿದ್ದರೆ ನಡೆಯುವಾಗ ಸದ್ದು ಹೋಗಿ ಬಂದು ಮಾಡುತ್ತದೆ. ಜೇಬು ಬದಲಿಸಿ ನೋಡಿ. ಆಡಿಯಾಲಜಿಸ್ಟ್ ಕೆಲವು ಮಷೀನುಗಳಲ್ಲಿ ಸಂಪರ್ಕ ಹಿಡಿಯುವ ಕಿವಿಯನ್ನೇ ಬದಲಿಸಿಕೊಡಬಲ್ಲರು.

ಸ್ಟ್ರೀಮಿಂಗ್ ಮಾಡಿದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಅದು ದೋಷವಲ್ಲ.

ಒಂದೇ ಸಲ ಹಲವು ಸಾಧನ ಬೇಕೆನ್ನುವವರು ತಮ್ಮ ಮಷೀನಿನ ಮಿತಿ ತಿಳಿದಿರಬೇಕು. ಫೋನಾಕ್ ಪ್ಯಾರಡೈಸ್ 8 ಸಾಧನಗಳನ್ನು ನೆನಪಿಟ್ಟುಕೊಳ್ಳುತ್ತದೆ, ಏಕಕಾಲಕ್ಕೆ 2ಕ್ಕೆ ಮಾತ್ರ ಕೂಡಿರುತ್ತದೆ. ಮಾರ್ವೆಲ್ ಒಂದು ಸಲಕ್ಕೆ ಒಂದಕ್ಕೇ.

## ಈ ಲಕ್ಷಣ ಕಂಡರೆ ಜೋಡಿಸುವುದು ನಿಲ್ಲಿಸಿ

ಚಾರ್ಜ್ ಮಾಡುವ ಮಷೀನು ಮುಟ್ಟಲಾಗದಷ್ಟು ಬಿಸಿಯಾದರೆ ಅಥವಾ ಉಬ್ಬಿದ್ದು ಕಂಡರೆ ಚಾರ್ಜರಿನಿಂದ ತೆಗೆಯಿರಿ, ಕಿವಿಗೆ ಹಾಕಬೇಡಿ, ಕ್ಲಿನಿಕ್‌ಗೆ ಕೊಡಿ. ಫರ್ಮ್‌ವೇರ್ ಅಪ್‌ಡೇಟ್ (ಮಷೀನಿನೊಳಗಿನ ಸಾಫ್ಟ್‌ವೇರ್ ಹೊಸದು ಮಾಡುವುದು) ನಡೆಯುತ್ತಿರುವಾಗ ಬ್ಯಾಟರಿ ಬಾಗಿಲು ತೆರೆಯಬೇಡಿ, ಕರೆಂಟ್ ಹೋಗಿ ಬರುವ ಹೊತ್ತಿನಲ್ಲಿ ಅದನ್ನು ಶುರುವೇ ಮಾಡಬೇಡಿ.

ಗುಂಡಿ ಬ್ಯಾಟರಿಗಳನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮಗು ನುಂಗಿದೆ ಅನ್ನುವ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಒಂದು ಕಿವಿಗೆ ಇದ್ದಕ್ಕಿದ್ದಂತೆ ಕೇಳಿಸುವುದು ನಿಂತರೆ ಮಷೀನನ್ನೇ ದೂರಬೇಡಿ. ಆ ಮಷೀನನ್ನು ಬ್ಲೂಟೂತಿಲ್ಲದೆ, ಹೊಸ ಬ್ಯಾಟರಿ ಹಾಕಿ, ಕಿವಿಯ ಮೇಣ (ಗುಗ್ಗೆ) ಕಟ್ಟಿದೆಯೇ ನೋಡಿ ಪರೀಕ್ಷಿಸಿ. ಮಷೀನು ಸರಿಯಿದ್ದೂ ಕೇಳಿಸದಿದ್ದರೆ ಅದು ಕಿವಿಯದೇ ತುರ್ತು ಸಮಸ್ಯೆಯಾಗಿರಬಹುದು. ಅವತ್ತೇ ಇಎನ್‌ಟಿ ಡಾಕ್ಟರನ್ನು ಕಾಣಬೇಕು, ಬೇಗ ಔಷಧಿ ಶುರುವಾದಷ್ಟೂ ಕೇಳುವ ಶಕ್ತಿ ವಾಪಸ್ ಬರುವ ಸಾಧ್ಯತೆ ಜಾಸ್ತಿ. ನೋವು, ಕೀವು, ತಲೆಸುತ್ತು ಇದ್ದರೂ ಅಷ್ಟೇ. ಮೈಸೂರಿನ ಸುತ್ತಮುತ್ತ ಇರುವವರು ಮಷೀನಿನ ಪರೀಕ್ಷೆಗೂ ಪ್ರೋಗ್ರಾಂ ಸರಿಪಡಿಸುವುದಕ್ಕೂ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು.

## ಕೊನೆಯ ಹಂತ: ಹಾಳೆಯಲ್ಲಿ ಬರೆದು ಅಂಟಿಸಿ

ಎಲ್ಲ ಸರಿಯಾದ ಮೇಲೆ ಶುರುವಿನಲ್ಲಿ ತೆಗೆದಿಟ್ಟ ಹಾಳೆಯ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಿರಿ. ಮಷೀನಿನ ಮಾಡೆಲ್ ಹೆಸರು, ಬ್ಯಾಟರಿ ನಂಬರು, ಟಿವಿಯಲ್ಲಿ ಪಿಸಿಎಂ ಮಾಡಿದ್ದು, ಝೂಮ್‌ನಲ್ಲಿ ಮೈಕ್ ಯಾವುದು ಸ್ಪೀಕರ್ ಯಾವುದು. ಸದ್ದು ಬರದಿದ್ದರೆ ಮೊದಲು ಏನು ಮಾಡಬೇಕು ಅಂತ ಮೂರೇ ಸಾಲು: ಮಷೀನು ಆಫ್ ಮಾಡಿ ಆನ್ ಮಾಡಿ, ಫೋನಿನ ಬ್ಲೂಟೂತ್ ಆಫ್ ಮಾಡಿ ಆನ್ ಮಾಡಿ, ಆಗಲೂ ಆಗದಿದ್ದರೆ ಈ ನಂಬರಿಗೆ ಕರೆ ಮಾಡಿ. ಅತ್ತೆಯ ಟಿವಿ ಪಕ್ಕ ಆ ಹಾಳೆ ಅಂಟಿಸಿದ್ದೇವೆ. ಅವರ ಮುಂದೆ ನೀವು ಮಾಡಿ ತೋರಿಸಬೇಡಿ, ಅವರ ಕೈಯಲ್ಲೇ ಎರಡು ಸಲ ಮಾಡಿಸಿ. ನೀವು ಮನೆಯಲ್ಲಿಲ್ಲದ ದಿನ ಮಗಳ ಕಾಲ್ ಬಂದರೆ ಅವರೇ ಜೋಡಿಸಿಕೊಂಡು ಮಾತಾಡುವಂತಾಗಬೇಕು.